ವ್ಯಥೆಯನ್ನು ಕೇಳುವ ವಿದ್ಯೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ವಾಡಿಯಿಂದ ತಾಂಡೂರಿನ ಕಡೆಗೆ ಸಾಗುವ ರೈಲುದಾರಿಯ ಮಗ್ಗುಲಿಗೆ ಕುರಕುಂಟಾ ಎಂಬ ಊರಿರುವುದು. ತೆಲಂಗಾಣದ ಗಡಿ ಇಲ್ಲಿಗೆ ಬಹು ಸಮೀಪ. ನೆಲದ ಮೇಲೆ ತೊಗರಿ, ನೆಲದ ಒಡಲಲ್ಲಿ ಸುಣ್ಣಕಲ್ಲು. ಈ ಎರಡರಿಂದಲೇ ಆ ಸೀಮೆಯ ಬಾಳುವೆ ಸಾಗಿ ಬಂದಿದೆ. ಭಾರತ ಸರ್ಕಾರದ ಸಿಮೆಂಟು ಕಾರ್ಖಾನೆಯೊಂದು ಇಲ್ಲಿ ಹಲವು ವರ್ಷ ನಡೆದು, ಕಳೆದ ಶತಮಾನದ ಕಡೆಯಲ್ಲಿ ನಿಂತುಹೋಯಿತು. ಈಗ ಊರಿನ ತರುಣರು ಸೇಡಂ, ಮಳಖೇಡ, ವಾಡಿಗಳ ಕಾರ್ಖಾನೆಗಳಿಗೋ ಹೈದರಾಬಾದಿಗೋ ದುಡಿಯಲು ಹೋಗುವರು. ಕಳೆದ ಶ್ರಾವಣದಲ್ಲಿ ನಾವು ಇಲ್ಲಿಯ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದಾಗ ನಡೆದ ಮಾತುಕತೆಯೇ ಈ ಲೇಖನಕ್ಕೆ ಕಾರಣವಾಯಿತು.

ನಮ್ಮ ಸ್ನೇಹಿತರು ಉಪಾಧ್ಯಾಯರು. ಅವರ ಹಿರಿಯ ಮಗಳು ಕಲಬುರಗಿಯಲ್ಲಿ ಮನಶ್ಶಾಸ್ತ್ರದ ಎಂ.ಎ. ಪರೀಕ್ಷೆಯನ್ನು ಚೆನ್ನಾಗಿ ಮುಗಿಸಿಕೊಂಡು ಬಂದಿರುವಳು. ತಂದೆಗೆ ಸಂತೋಷವೇ ಸರಿ; ಆದರೆ ಮಗಳು ಅಷ್ಟಕ್ಕೆ ನಿಲ್ಲದೆ, ಇನ್ನೂ ಎರಡು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದು ಚಿಕಿತ್ಸಾ ಮನಶ್ಶಾಸ್ತ್ರವನ್ನು, ಎಂದರೆ ಪೇಟೆಯ ಮಾತಿನ ಕ್ಲಿನಿಕಲ್ ಸೈಕಾಲಜಿಯನ್ನು, ಕಲಿಯುವೆನೆಂದು ಹಟ ಹಿಡಿದಿದ್ದಳು. “ಎಂ.ಎ. ಮುಗಿದ ಮ್ಯಾಲ ಇನ್ನೇನು ಉಳದದ?” ಎಂಬುದು ತಂದೆಯ ಪ್ರಶ್ನೆ. ಹಾಸುಗಲ್ಲಿನ ನೆಲದ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದ ಅಜ್ಜಿಯ ಪ್ರಶ್ನೆ ಇನ್ನೂ ಮೂಲಕ್ಕೆ ಕೈ ಹಾಕಿತು: “ಮಂದಿ ದುಃಖ ಕೇಳ್ಲಕ ಸಾಲಿ ಓದಬೇಕೇನ್ರಿ? ಈ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ನನ್ನ ಮುಂದೇ ಅತ್ತು ಹಗೂರಾಗಿ ಹೋಗ್ಯಾರ.”

ಎರಡು ಪ್ರಶ್ನೆಗಳೂ ನ್ಯಾಯವಾದವೇ. ಆಗ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲವಾದುದರಿಂದ ಸುಮ್ಮನೆ ನಕ್ಕು ರೊಟ್ಟಿಯ ಕಡೆಗೆ ಗಮನವಿತ್ತೆವು. ಅನಂತರ ವಿಚಾರಿಸಿ, ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ. ಇಂದು ಅನೇಕ ಗೃಹಸ್ಥರ ಮನೆಗಳಲ್ಲಿ ಮಕ್ಕಳು ಇದೇ ಹಂಬಲವನ್ನು ಹೇಳುತ್ತಿರುವರಷ್ಟೆ.

ಈ ವಿದ್ಯೆಯ ಹುಟ್ಟು ಒಬ್ಬ ಶಾಲಾಬಾಲಕನಿಂದಾಯಿತೆಂದರೆ ಅಚ್ಚರಿಯಾದೀತು. ೧೮೯೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಲೈಟ್ನರ್ ವಿಟ್ಮರ್ ಎಂಬವರ ಬಳಿಗೆ ಒಬ್ಬ ಉಪಾಧ್ಯಾಯಿನಿಯು ಒಬ್ಬ ಹುಡುಗನನ್ನು ಕರೆತಂದಳು. ಹುಡುಗ ಮಿಕ್ಕೆಲ್ಲದರಲ್ಲಿ ಚುರುಕು; ಕಾಗುಣಿತ ಮಾತ್ರ ಏನು ಮಾಡಿದರೂ ಬಾರದು. ಮನಸ್ಸಿನ ಶಾಸ್ತ್ರವನ್ನು ಬೋಧಿಸುವವರು ಈ ಒಂದು ಹುಡುಗನಿಗಾದರೂ ನೆರವಾಗಲಾರದೆ ಹೋದರೆ ಶಾಸ್ತ್ರವೇತಕ್ಕೆ ಎಂಬುದೇ ಅಲ್ಲಿಯ ಸವಾಲು. ವಿಟ್ಮರರು ಅದೇ ವರ್ಷ ಚಿಕಿತ್ಸಾಲಯವನ್ನು ತೆರೆದರು. ವಿದ್ಯೆಗೆ ಹೆಸರನ್ನೂ ಅವರೇ ಕೊಟ್ಟರು. ೧೯೪೯ರಲ್ಲಿ ಕೊಲೊರಾಡೊ ಪ್ರಾಂತದ ಬೌಲ್ಡರ್ ನಗರದಲ್ಲಿ ಅಲ್ಲಿಯ ವಿದ್ವಾಂಸರು ಕಲೆತು, ಈ ವಿದ್ಯೆಯನ್ನು ಕಲಿಯುವವನು ಸಂಶೋಧಕನೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ನಿರ್ಣಯಿಸಿದರು. ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದು ಕೈ ರೋಗಿಯ ಹೆಗಲ ಮೇಲೆ ಎನ್ನೋಣ.

ನಮ್ಮ ನಾಡೂ ಇದರಲ್ಲಿ ಬಹಳ ಹಿಂದೆ ಬಿದ್ದಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರದ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಇವರೇ. ಮನಸ್ಸಿನ ಶಾಸ್ತ್ರವನ್ನು ಬಲ್ಲವರಿಗೆ ದೂರದವರ ಕಿವಿಯನ್ನು ತಲುಪುವ ಆಸೆ ಇದ್ದುದು ಸಹಜವೆಂದು ನಮಗೆ ತೋರುವುದು. ಇತ್ತ ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇದ್ದ ಹುಚ್ಚಾಸ್ಪತ್ರೆಗೆ ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂದು ನಾಮಕರಣವಾಯಿತು. ವಿಶ್ವವಿದ್ಯಾಲಯದ ಶಾಸ್ತ್ರವೂ ಆಸ್ಪತ್ರೆಯ ಶುಶ್ರೂಷೆಯೂ ಒಂದೇ ಸೂರಿನಡಿ ಬಂದುದು ೧೯೫೪ರ ಡಿಸೆಂಬರಿನಲ್ಲಿ, ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ತೆರೆದಾಗ. ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ೧೯೫೫ರಲ್ಲಿ ಅಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರದ ಎಂ.ಎ. ಮಾಡಿದವರಿಗೊಂದು, ಹೀಗೆ ಡಿಪ್ಲೊಮಾ ಶಿಕ್ಷಣಗಳು ಆರಂಭವಾದವು. ಈ ಎರಡನೆಯದೇ ಮುಂದೆ ಎಂ.ಫಿಲ್. ಎಂಬ ಪದವಿಯಾಗಿ ಬೆಳೆದು, ದೇಶದ ಇತರ ಕಡೆಯ ಶಿಕ್ಷಣಕ್ಕೆ ಮೇಲ್ಪಂಕ್ತಿಯಾಯಿತು. ಸಂಸ್ಥೆಯು ೧೯೭೪ರಲ್ಲಿ ಆಸ್ಪತ್ರೆಯೊಡನೆ ಒಂದಾಗಿ ನಿಮ್ಹಾನ್ಸ್ ಎನ್ನಿಸಿಕೊಂಡಿತು. ೧೯೯೪ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆಯೂ ೨೦೧೨ರಲ್ಲಿ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂಬ ಸ್ಥಾನವೂ ದೊರೆತವು.

ಇನ್ನು ತಂದೆಯ ಪ್ರಶ್ನೆ. ಎಂ.ಎ. ಓದಿದವರು ಮನಸ್ಸಿನ ವಿಷಯವಾಗಿ ತಿಳಿದಿರುವರು. ಆದರೆ ಮನಸ್ಸು ನೊಂದ ಮನುಷ್ಯನೊಡನೆ ಕುಳಿತಿರುವುದಿಲ್ಲ. ಈಜಿನ ಪುಸ್ತಕವನ್ನು ಓದಿದವನಿಗೂ ಬಾವಿಗೆ ಇಳಿದವನಿಗೂ ಇರುವ ಅಂತರವೇ ಇದು. ಎರಡು ವರ್ಷದ ಶಿಕ್ಷಣವೆಂಬುದು ಬಹುಮಟ್ಟಿಗೆ ಗುರುವಿನ ಕಣ್ಣೆದುರಿನ ಕೆಲಸ. ವಿದ್ಯಾರ್ಥಿಯು ಬೆಳಿಗ್ಗೆ ಹೊರರೋಗಿಗಳ ವಿಭಾಗದಲ್ಲಿ ಕುಳಿತು ಹೊಸದಾಗಿ ಬಂದವರ ವೃತ್ತಾಂತವನ್ನು ಕೇಳಿ ಬರೆಯಬೇಕು: ತೊಂದರೆ ಎಂದಿನಿಂದ, ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರು ಯಾರು, ಬಾಲ್ಯ ಹೇಗೆ ಕಳೆಯಿತು. ಬಳಿಕ ಅದನ್ನು ಹಿರಿಯರಿಗೆ ಒಪ್ಪಿಸಬೇಕು. ಹಿರಿಯರು ಕೇಳುವ ಮೊದಲ ಪ್ರಶ್ನೆಗೇ ಅರ್ಧ ಬರವಣಿಗೆ ಬಿದ್ದುಹೋಗುವುದುಂಟು. ಮರಳಿ ಹೋಗಬೇಕು, ಮರಳಿ ಕೇಳಬೇಕು. ಸರದಿಯ ಪ್ರಕಾರ ಒಳರೋಗಿಗಳ ವಾರ್ಡು, ಮಕ್ಕಳ ವಿಭಾಗ, ಕುಡಿತದಿಂದ ಕೆಟ್ಟವರ ವಿಭಾಗ, ಮಿದುಳಿಗೆ ಪೆಟ್ಟಾದವರ ವಿಭಾಗ, ಎಲ್ಲ ಕಡೆಗೂ ಹೋಗತಕ್ಕದ್ದು. ಪರೀಕ್ಷೆಗೆ ಮುನ್ನ ತಾನು ನೋಡಿದ ರೋಗಿಗಳ ಪೂರ್ಣ ವರದಿಗಳನ್ನು ಒಪ್ಪಿಸತಕ್ಕದ್ದು. ಸ್ವತಂತ್ರವಾಗಿ ಒಂದು ಸಂಶೋಧನ ಪ್ರಬಂಧವನ್ನೂ ಬರೆಯತಕ್ಕದ್ದು.

ಮನೋವೈದ್ಯರಿಗೂ ಇವರಿಗೂ ಏನು ಭೇದವೆಂದು ಕೇಳುವವರಿದ್ದಾರೆ. ಮನೋವೈದ್ಯರು ಮೊದಲು ವೈದ್ಯಪದವಿ ಪಡೆದು ಆಮೇಲೆ ಮನೋರೋಗಗಳಲ್ಲಿ ಪರಿಣತರಾದವರು. ಔಷಧಿ ಬರೆದು ಕೊಡುವ ಅಧಿಕಾರ ಅವರದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿಯನ್ನು ಕೊಡುವವರಲ್ಲ. ಪರೀಕ್ಷಿಸಿ ಅಳೆಯುವುದು, ಮಾತು ಮತ್ತು ಅಭ್ಯಾಸಗಳ ಮೂಲಕ ಗುಣಪಡಿಸುವುದು ಇವರ ಕೆಲಸ. ಅನೇಕ ರೋಗಗಳಲ್ಲಿ ಇಬ್ಬರೂ ಬೇಕು.

‘ಮಾತಿನಿಂದ ಗುಣಪಡಿಸುವುದು’ ಎಂದಾಗ ನಮ್ಮ ಗೃಹಿಣಿಯರು ಸಮಾಧಾನದ ನಾಲ್ಕು ನುಡಿಗಳೆಂದು ಭಾವಿಸಬಹುದು. ಹಾಗಲ್ಲ. ಒಂದು ಸಾಮಾನ್ಯ ದೃಷ್ಟಾಂತವನ್ನು ಹೇಳುವೆವು. ಕೆಲವರಿಗೆ ಕೈ ತೊಳೆದಷ್ಟೂ ಮೈಲಿಗೆ ಹೋಗದೆಂಬ ಭಯ ಅಂಟಿಕೊಳ್ಳುವುದು. ಇಪ್ಪತ್ತು ಸಲ, ನಲವತ್ತು ಸಲ ತೊಳೆದು ಚರ್ಮ ಬಿರಿದರೂ ಬಿಡರು. ಇದು ಮಡಿಯಲ್ಲ, ರೋಗ. ಮನೆಯವರು “ಸಾಕು, ಕೈ ಶುದ್ಧವಾಗಿದೆ” ಎಂದು ಧೈರ್ಯ ಹೇಳಿದಷ್ಟೂ ಹೆಚ್ಚುವುದೇ ಇದರ ವೈಚಿತ್ರ್ಯ. ಏಕೆಂದರೆ ಧೈರ್ಯವಾಗಲಿ ತೊಳೆತವಾಗಲಿ ಆ ಗಳಿಗೆಗೆ ಭಯವನ್ನು ಇಳಿಸಿ, ಮುಂದಿನ ಸಲ ಅದನ್ನೇ ಬೇಡುವಂತೆ ಮಾಡುವುದು. ಆದುದರಿಂದ ಶಿಕ್ಷಣ ಪಡೆದವರು ಬೇರೆ ದಾರಿ ಹಿಡಿಯುವರು. ರೋಗಿಯ ಒಪ್ಪಿಗೆಯಿಂದ ಬಾಗಿಲ ಚಿಲಕವನ್ನು ಮುಟ್ಟಿಸಿ, ಕೈ ತೊಳೆಯದೆ ಕುಳಿತಿರಲು ಹೇಳಿ, ತಾವೂ ಪಕ್ಕದಲ್ಲಿ ಕುಳಿತಿರುವರು. ಭಯವು ಏರುವುದು, ಬೆವರು ಬರುವುದು, ಕಣ್ಣೀರೂ ಬರಬಹುದು. ಕೆಲಹೊತ್ತಿನ ಮೇಲೆ ಯಾರೂ ಏನೂ ಮಾಡದೆಯೇ ಅದು ತಾನಾಗಿ ತಗ್ಗತೊಡಗುವುದು. ಸುಲಭದ ಮೆಟ್ಟಿಲಿನಿಂದ ಕಠಿಣದ ಮೆಟ್ಟಿಲಿಗೆ, ವಾರಗಟ್ಟಲೆ ಹೀಗೆ ನಡೆಯುವುದು. ಕರುಣೆಯಿದ್ದೂ ಧೈರ್ಯ ಹೇಳದೆ ಸುಮ್ಮನೆ ಕುಳಿತಿರಲು ಕಲಿಯುವುದೇ ಹೊಸಬರಿಗೆ ಎಲ್ಲಕ್ಕಿಂತ ಕಷ್ಟವೆಂದು ಈ ವೃತ್ತಿಯ ಹಿರಿಯರೊಬ್ಬರು ನಮಗೆ ಹೇಳಿದರು. ತಾಯಂದಿರಿಗಂತೂ ಇದು ಸಾಧ್ಯವೇ ಆಗಲಾರದೆಂದು ನಾವು ಮನಸ್ಸಿನಲ್ಲಿಯೇ ಅಂದುಕೊಂಡೆವು.

ಅಳೆಯುವ ವಿದ್ಯೆಯಲ್ಲಿಯೂ ಕನ್ನಡಕ್ಕೆ ಒಂದು ಹೆಮ್ಮೆಯ ಸಂಗತಿಯುಂಟು. ಮಗುವಿನ ಬುದ್ಧಿಯನ್ನು ಅಳೆಯಲು ಫ್ರಾನ್ಸಿನ ಬಿನೆ ಎಂಬವರು ೧೯೦೫ರಲ್ಲಿ ರಚಿಸಿದ ಪ್ರಶ್ನಾವಳಿಯು ಪ್ರಸಿದ್ಧವಾದುದು. ಆದರೆ ಪ್ಯಾರಿಸಿನ ಮಗುವಿಗೆ ಕೇಳುವ ಪ್ರಶ್ನೆಯನ್ನು ನಮ್ಮ ಮಗುವಿಗೆ ಹಾಗೆಯೇ ಕೇಳಿದರೆ, ತಿಳಿಯದ ಮಾತಿಗೆ ಉತ್ತರಿಸಲಿಲ್ಲವೆಂದು ಮಗುವನ್ನೇ ದಡ್ಡನೆಂದು ಬರೆದಂತಾಯಿತು. ವಿ.ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿ, ನಮ್ಮ ಮಕ್ಕಳ ಮೇಲೆಯೇ ಪ್ರಯೋಗಿಸಿ, ೧೯೪೦ರಲ್ಲಿ ಅದರ ಗ್ರಂಥವನ್ನು ಹೊರತಂದರು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ದೇಶದ ಅನೇಕ ಚಿಕಿತ್ಸಾಲಯಗಳಿಗೆ ಹಬ್ಬಿತು.

ಭಾಷೆಯ ಮಾತು ಬಂದುದರಿಂದ ಕುರಕುಂಟೆಯ ಹುಡುಗಿಯ ಬಳಿಗೆ ಮರಳಬಹುದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಳಖೇಡವಿರುವುದು. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು, ಕನ್ನಡವೆಂಬುದು ಒಂದಲ್ಲ, ಪ್ರದೇಶ ಪ್ರದೇಶಕ್ಕೆ ಬೇರೆ ಬೇರೆ ಕನ್ನಡಗಳಿವೆಯೆಂದು ಗುರುತಿಸಿತು. ಸಾವಿರ ವರ್ಷದ ಮೇಲೆಯೂ ಆ ಮಾತು ಸುಳ್ಳಾಗಿಲ್ಲ. ಸೇಡಂ ಸೀಮೆಯ ಹೆಂಗಸು ತನಗೆ ‘ಖಿನ್ನತೆ’ಯಾಗಿದೆಯೆಂದು ಹೇಳಲಾರಳು. “ಎದಿ ಹಾರ್ತದ”, “ತಲಿ ಜಡ ಆಗ್ಯಾದ”, “ಜೀವಕ್ಕ ಸಮಾಧಾನ ಇಲ್ಲ”, “ಭಾಳ ಫಿಕರ್ ಅದ” ಎನ್ನುವಳು. ಕನ್ನಡದ ನಡುವೆ ದಖನಿ, ದಖನಿಯ ನಡುವೆ ತೆಲುಗು. ದೂರದ ಪ್ರಾಂತದಿಂದ ಬಂದು ಬೆಂಗಳೂರಿನಲ್ಲಿ ಕಲಿಯುವವರಿಗೆ ದುಭಾಷಿಯೊಬ್ಬನು ಅರ್ಥವನ್ನು ಹೇಳಿಯಾನು. ಆದರೆ ಹೇಳುವಾಗ ತಡೆದ ಉಸಿರನ್ನು ಅವನು ಭಾಷಾಂತರಿಸಲಾರನು.

ಈ ಮಾತಿನಲ್ಲಿ ಎಷ್ಟು ಅಡಗಿದೆಯೆಂಬುದು ಆ ಮನೆಯಲ್ಲಿಯೇ ನಮಗೆ ತಿಳಿದುಬಂತು. ನಮ್ಮ ಸ್ನೇಹಿತರಿಗೊಬ್ಬ ತಮ್ಮನಿದ್ದನು. ಒಕ್ಕಲುತನ ಮಾಡಿಕೊಂಡಿದ್ದವನು, ಹಲವು ವರ್ಷಗಳ ಹಿಂದೆ, ತೊಗರಿ ಎರಡು ಸಲ ಕೈಕೊಟ್ಟ ಕಾಲದಲ್ಲಿ, ತಾನಾಗಿ ಪ್ರಾಣ ಬಿಟ್ಟನು. ಅದಕ್ಕೆ ಮುನ್ನ ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕುಳಿತು “ಸಾಕಾಗ್ಯಾದ” ಎನ್ನುತ್ತಿದ್ದನಂತೆ. ಆ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಎಲ್ಲರೂ ಆಡುವ ಮಾತದು. ಬಿಸಿಲಿಗೂ ಸಾಕಾಗುವುದು, ಬಸ್ಸಿಗೆ ಕಾದೂ ಸಾಕಾಗುವುದು. ಎಲ್ಲರೂ ಕೇಳಿದರು, ಮರುಪ್ರಶ್ನೆ ಹಾಕಿದವರಿಲ್ಲ. ಓಣಿಯವರೆಲ್ಲರ ದುಃಖವನ್ನು ಕೇಳಿದ ಆ ಅಜ್ಜಿಯೇ ಅವನ ತಾಯಿ.

ನಾವು ಹೊರಡುವ ಹಿಂದಿನ ರಾತ್ರಿ ಅಜ್ಜಿಯು ಮೊಮ್ಮಗಳನ್ನು ಕೇಳಿದಳು: “ನೀ ಇದ್ದಿದ್ರ ಅವನಿಗಿ ಏನ್ ಕೇಳ್ತಿದ್ದಿ?”

“ಸಾಕಾಗ್ಯಾದ ಅಂದ್ರ ಏನು ಕಾಕಾ, ಸಾಯಬೇಕು ಅನಸ್ತದೇನು, ಅಂತ ಕೇಳ್ತಿದ್ದೆ, ಆಯಿ.”

“ಹಂಗ ಬಾಯಿ ಬಿಟ್ಟು ಕೇಳಬಹುದೇನು?”

“ಕೇಳಬೇಕು, ಆಯಿ.”

ಅಜ್ಜಿ ಮತ್ತೆ ಮಾತನಾಡಲಿಲ್ಲ. ಹುಡುಗಿ ಹೇಳಿದುದು ಶಾಸ್ತ್ರಸಮ್ಮತವಾದುದೇ. ಸಾವಿನ ಯೋಚನೆಯ ವಿಷಯವನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ನಮ್ಮಲ್ಲಿ ಬಹುಜನರ ನಂಬಿಕೆ. ಆದರೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದೂ, ನೊಂದವನಿಗೆ ಅನೇಕ ವೇಳೆ ಎದೆಯ ಭಾರ ಇಳಿಯುವುದೆಂದೂ ಸಂಶೋಧನೆಗಳಿಂದ ತಿಳಿದಿದೆ. ಕೇಳುವ ರೀತಿ, ಉತ್ತರ ‘ಹೌದು’ ಎಂದು ಬಂದಾಗ ಮುಂದೆ ಮಾಡತಕ್ಕ ಕೆಲಸ, ಆ ರಾತ್ರಿ ಅವನ ಬಳಿ ಯಾರಿರಬೇಕು, ಯಾವ ವಸ್ತು ಮನೆಯಲ್ಲಿರಬಾರದು, ಇವೆಲ್ಲವನ್ನೂ ಆ ಎರಡು ವರ್ಷಗಳಲ್ಲಿ ಹಿರಿಯರ ಕೈಕೆಳಗೆ ಕಲಿಯಬೇಕಾಗುವುದು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೂ, ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸತಕ್ಕದ್ದು, ಸರ್ಕಾರವು ಅವನಿಗೆ ಆರೈಕೆಯನ್ನು ಒದಗಿಸತಕ್ಕದ್ದು ಎಂದಿದೆ.

ಇಷ್ಟಾದ ಮೇಲೆ ಗೃಹಸ್ಥರು ಲೆಕ್ಕ ಹಾಕಬೇಕಾದ ಸಂಗತಿಗಳನ್ನು ಹೇಳದೆ ಬಿಡಲಾಗದು. ಭಾರತೀಯ ಪುನರ್ವಸತಿ ಮಂಡಳಿಯ ೧೯೯೨ರ ಕಾಯಿದೆಯಂತೆ, ಮಾನ್ಯವಾದ ಶಿಕ್ಷಣವನ್ನು ಮುಗಿಸಿ ಮಂಡಳಿಯ ಕೇಂದ್ರ ದಾಖಲೆಯಲ್ಲಿ ಹೆಸರು ಬರೆಸಿದವರು ಮಾತ್ರ ಈ ವೃತ್ತಿಯನ್ನು ನಡೆಸಬಹುದು. ತಪ್ಪಿದರೆ ಒಂದು ವರ್ಷದವರೆಗಿನ ಸೆರೆ, ಸಾವಿರ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ. ಸಾವಿರ ರೂಪಾಯಿಗೆ ಈ ಕಾಲದಲ್ಲಿ ಯಾರು ಹೆದರುವರು! ನಗರಗಳಲ್ಲಿ ಮೂರು ತಿಂಗಳ ತರಗತಿ ನಡೆಸಿ, ಅಂದವಾದ ಪ್ರಮಾಣಪತ್ರವನ್ನು ಕೊಟ್ಟು, ‘ಮನೋಚಿಕಿತ್ಸಕ’ರನ್ನು ತಯಾರಿಸುವವರು ಹೆಚ್ಚುತ್ತಿದ್ದಾರೆ. ನಮ್ಮ ಬಂಧುಗಳಲ್ಲೇ ಒಬ್ಬರು ಇಂತಹ ಒಂದು ಕಡೆ ಮಗನಿಗಾಗಿ ದೊಡ್ಡ ಮೊತ್ತವನ್ನು ಕಟ್ಟಿ ಬರಿಗೈಯಾದರು. ಆದುದರಿಂದ ಸೇರುವ ಮುನ್ನ ಆ ಸಂಸ್ಥೆಯ ಹೆಸರು ಮಂಡಳಿಯ ಪಟ್ಟಿಯಲ್ಲಿದೆಯೇ ಎಂದು ನೋಡತಕ್ಕದ್ದು. ಚಿಕಿತ್ಸೆಗೆ ಹೋಗುವವರೂ ಚಿಕಿತ್ಸಕರ ನೋಂದಣಿ ಸಂಖ್ಯೆಯನ್ನು ಕೇಳತಕ್ಕದ್ದು. ಕೇಳುವುದು ಅವಮರ್ಯಾದೆಯಲ್ಲ.

ಪದವಿಯ ಹೆಸರಿನಲ್ಲಿಯೂ ಈಚೆಗೆ ಗೊಂದಲವುಂಟಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರ ನಿಯಮಗಳಿಂದ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಆದರೆ ಈ ಶಾಖೆಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ ೨೦೨೫–೨೬ನೆಯ ಸಾಲಿನವರೆಗೆ ಅವಕಾಶವನ್ನು ಮುಂದುವರಿಸಿತು. ಪುನರ್ವಸತಿ ಮಂಡಳಿಯು ಚಿಕಿತ್ಸಾ ಮನಶ್ಶಾಸ್ತ್ರಕ್ಕೇ ಮೀಸಲಾದ ಹೊಸ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣಕ್ರಮಗಳನ್ನು ರೂಪಿಸಿದೆ. ಆದಕಾರಣ ಈಗ ಅರ್ಜಿ ಹಾಕುವವರು ಹಳೆಯ ವಿದ್ಯಾರ್ಥಿಗಳ ಮಾತನ್ನೇ ನೆಚ್ಚದೆ ಆ ವರ್ಷದ ಪ್ರಕಟಣೆಯನ್ನು ತಾವೇ ಓದುವುದು ಲೇಸು. ಹೆಸರು ಏನಾದರೂ ಆಗಲಿ, ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡಿ ಕಲಿಯುವ ಏರ್ಪಾಡು ಇದೆಯೇ ಎಂಬುದೇ ಮುಖ್ಯವಾಗಿ ಕೇಳಬೇಕಾದುದು.

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಪ್ರವೇಶಪರೀಕ್ಷೆ ಕಠಿಣ, ಸ್ಥಾನಗಳು ಕಡಮೆ. ೧೮೪೫ರಷ್ಟು ಹಳೆಯದಾದ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ, ಮಣಿಪಾಲದಲ್ಲಿಯೂ ಈ ಶಿಕ್ಷಣವು ನಡೆದು ಬಂದಿದೆ. ಖಾಸಗಿ ಸಂಸ್ಥೆಗಳಲ್ಲಿ ಶುಲ್ಕವು ಲಕ್ಷಗಳಲ್ಲಿರುವುದು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ೩೭೧ (ಜೆ) ವಿಧಿಯು ರಾಜ್ಯದ ವಿದ್ಯಾಸಂಸ್ಥೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿಕೊಟ್ಟಿರುವುದರಿಂದ, ಅದರ ಅರ್ಹತಾಪತ್ರವನ್ನು ಮುಂಚಿತವಾಗಿ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಬೇಕೆಂದು ನಮ್ಮ ಸ್ನೇಹಿತರಿಗೆ ಹೇಳಿದೆವು.

ಕಲಿತು ಬಂದವರಿಗೆ ಕೆಲಸವುಂಟೇ ಎಂದರೆ, ಕೆಲಸಕ್ಕೆ ಕೊನೆಯೇ ಇಲ್ಲ. ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮನೋರೋಗವಿದ್ದುದು ಕಂಡುಬಂತು. ರೋಗವಿದ್ದವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಡೆದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹುದ್ದೆಯೂ ಉಂಟು. ಹುದ್ದೆಯಿದ್ದರೂ ಅದನ್ನು ತುಂಬಲು, ಅದರಲ್ಲಿಯೂ ಊರ ಮಾತನ್ನು ಬಲ್ಲವರು, ಸಿಕ್ಕುವುದು ವಿರಳ. ಕಲಿತವರು ನಗರದಲ್ಲಿಯೇ ನಿಲ್ಲುವರು. ಅವರನ್ನು ದೂಷಿಸುವುದೂ ಸುಲಭವಲ್ಲ; ತಾಲ್ಲೂಕಿನಲ್ಲಿ ಒಬ್ಬರೇ ಕುಳಿತು ದಿನವೆಲ್ಲ ಇಂತಹ ಕತೆಗಳನ್ನು ಕೇಳುವವರಿಗೆ, ತಮ್ಮ ಮನದ ಭಾರವನ್ನು ಹೇಳಿಕೊಳ್ಳಲು ಒಬ್ಬ ಹಿರಿಯ ಸಹೋದ್ಯೋಗಿಯಾದರೂ ಬೇಡವೇ?

ಅಂಥವರು ಊರಿಗೆ ಬರುವವರೆಗೆ ಒಂದು ಸಹಾಯವನ್ನು ವಾಚಕರು ನೆನಪಿಡಬಹುದು. ೨೦೨೨ರ ಅಕ್ಟೋಬರಿನಿಂದ ನಡೆದಿರುವ ‘ಟೆಲಿ ಮಾನಸ್’ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿಯ ಮೂಲಕ ಮಾತನಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೂ ಉತ್ತರಿಸುವರು.

ಕುರಕುಂಟೆಯಿಂದ ಮೊನ್ನೆ ಪತ್ರ ಬಂದಿತ್ತು. ಹುಡುಗಿ ಅರ್ಜಿಗಳನ್ನು ಕಳುಹಿಸಿರುವಳಂತೆ. ಶುಲ್ಕಕ್ಕಾಗಿ ಎರಡೆಕರೆ ಹೊಲವನ್ನು ಲಾವಣಿಗೆ ಕೊಡುವ ಯೋಚನೆ ತಂದೆಗಿದೆ. ಮದುವೆಯ ಮಾತನ್ನು ಎರಡು ವರ್ಷ ಮುಂದೂಡಿದುದಕ್ಕೆ ಸೋದರಮಾವ ಮುನಿಸಿಕೊಂಡಿರುವನು. ಹುಡುಗಿ ಈಗ ರಾತ್ರಿಹೊತ್ತು ಅಜ್ಜಿಯ ಪಕ್ಕದಲ್ಲಿ ಕುಳಿತು, ಓಣಿಯ ಹೆಂಗಸರು ದುಃಖವನ್ನು ಯಾವ ಯಾವ ಮಾತಿನಲ್ಲಿ ಹೇಳುವರೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವಳೆಂದೂ, ಅಜ್ಜಿಗೆ ಗೊತ್ತಿರುವ ಮಾತುಗಳು ಇನ್ನೂ ಮುಗಿದಿಲ್ಲವೆಂದೂ ಸ್ನೇಹಿತರು ಬರೆದಿದ್ದಾರೆ.